ಮೂರನೆಯ ಶೀಶೆಯ ಗಡ್ಡೆ

"ನನ್ನ ಗಾಯ ಅವರೆಕಾಳಿನಷ್ಟೂ ಇಲ್ಲ ಡಾಕ್ಟ್ರಮ್ಮ. ಇದು ಕ್ಯಾನ್ಸರ್ ಅಂದ್ರೆ ಹೇಗೆ ನಂಬ್ಲಿ?"

ಜಿಯೊಂಜು ಪಟ್ಟಣದ ಪ್ರಯೋಗಾಲಯದಲ್ಲಿ ಕೂತಿದ್ದ ಓಕ್ ಮಿರಾನ್‌ಗೆ ಐವತ್ತು ದಾಟಿತ್ತು. ಮೂಲವ್ಯಾಧಿಯೆಂದು ಸಣ್ಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವಳ ಕೈಗೆ ಹತ್ತೇ ದಿನದಲ್ಲಿ ಈ ಪ್ರಯೋಗಾಲಯದಿಂದ ಗುದದ ಕ್ಯಾನ್ಸರ್ ಎಂಬ ವರದಿ ಬಂದಿತ್ತು. ಸೋಮವಾರದಿಂದ ವಿಕಿರಣ ಚಿಕಿತ್ಸೆ ಶುರುವಾಗಬೇಕಿತ್ತು.

"ಆಪರೇಷನ್ ದಿನವೇ ಸರಿ ಇರ್ಲಿಲ್ಲ," ಅಂದಳು. "ನೋವು ತಡೀಲಾರದೆ ಒದ್ದಾಡ್ತಿದ್ದ ಒಬ್ಬ ಅಜ್ಜಂಗೆ ನನ್ನ ಸರದಿ ಬಿಟ್ಟುಕೊಟ್ಟು, ಮಧ್ಯಾಹ್ನದವರೆಗೂ ಹಸಿದುಕೊಂಡು ಕೂತೆ."

ಮೊದಮೊದಲು ಯಾರೂ ನಂಬುವುದಿಲ್ಲ, ಪಾಪ, ಎಂದುಕೊಂಡ ಸಹಾಯಕ ಬೊಂಗ್‌ಜು. ಡಾಕ್ಟರ್ ಸನ್ ಹೇಜಂಗ್ ಮಾತ್ರ ಬಾರ್ಲಿ ಚಹಾ ಬಗ್ಗಿಸುತ್ತಾ ಅವನ ಕಡೆ ತಿರುಗಿದರು.

"ಈಯಮ್ಮನ ಹೆಸರಿನ ಶೀಶೆಯಲ್ಲಿ ಬಂದು, ನೀನು ಪರೀಕ್ಷೆಗೆ ಕೊಯ್ದ ಗಡ್ಡೆ ಎಷ್ಟಿತ್ತಪ್ಪ?"

"ಹೆಬ್ಬೆರಳ ತುದಿಯಷ್ಟು, ಮೇಡಂ."

"ಹಾಗಾದ್ರೆ ಅದರ ಪಕ್ಕದ ಒಳ್ಳೆ ಜೀವಕೋಶಗಳಲ್ಲಿ ವೈ ವರ್ಣತಂತು ಇದೆಯಾ ನೋಡು."

ಹನ್ನೊಂದು ವರ್ಷ ಅವರ ಜೊತೆ ದುಡಿದಿದ್ದರೂ ಬೊಂಗ್‌ಜುಗೆ ಅದು ಹೊಳೆದಿರಲಿಲ್ಲ.

ಶುಕ್ರವಾರ ಎಲ್ಲರೂ ಆ ಮೂಲವ್ಯಾಧಿ ಆಸ್ಪತ್ರೆಯಲ್ಲಿ ಸೇರಿದರು: ಸರ್ಜನ್ ಮಾ, ಕಣ್ಣೊರೆಸಿಕೊಳ್ಳುತ್ತಿದ್ದ ನರ್ಸ್ ಗು, ಮಿರಾನ್, ಮತ್ತೆ ಯಾಕೆ ಕರೆಸಿದರೆಂದು ತಿಳಿಯದ ಪ್ಯೊ ಎಂಬ ಅಜ್ಜ.

"ಗಡ್ಡೆ ಅದಲುಬದಲಾಗಿದೆ ಅಂದ್ರೆ, ಬೇಕಂತಲೇ ಯಾರೋ ಶೀಶೆ ಬದಲಾಯಿಸಿದ್ದಾರೆ," ಎಂದು ಮಾ ನರ್ಸ್ ಕಡೆ ನೋಡಿದರು.

"ಯಾರೂ ಬದಲಾಯಿಸಿಲ್ಲ," ಅಂದರು ಸನ್. "ಈಯಮ್ಮನ ಗಾಯ ಕಾಳಿನಷ್ಟು, ಶೀಶೆಯ ಗಡ್ಡೆ ಬೆರಳ ತುದಿಯಷ್ಟು. ಅಲ್ಲಿಗೆ ನನಗೆ ಅನುಮಾನ ಬಂತು. ಗಡ್ಡೆಯಲ್ಲಿ ವೈ ಸಿಕ್ತು, ಅಂದ್ರೆ ಅದು ಗಂಡಸಿನದು. ಅಜ್ಜನ ಹೆಸರಿನ ಶೀಶೆಯಲ್ಲಿದ್ದದ್ದು ಹೆಂಗಸಿನ ಮೂಲವ್ಯಾಧಿ. ನಿಮ್ಮಲ್ಲಿ ಶೀಶೆಗಳಿಗೆ ಹೆಸರು ಅಂಟಿಸೋದು ಯಾವಾಗ?"

"ಬೆಳಿಗ್ಗೇನೇ, ಪಟ್ಟಿ ನೋಡ್ಕೊಂಡು," ಅಂದಳು ಗು.

"ಮೂರನೇದು ಈಯಮ್ಮನ ಸರದಿ. ಈ ಅಜ್ಜ ನರಳ್ತಿರೋದು ನೋಡಿ ಬಿಟ್ಟುಕೊಟ್ರು. ಒಳಗೆ ಹೋದವರು ಬದಲಾದ್ರು, ಮೇಜಿನ ಮೇಲಿನ ಶೀಶೆಗಳ ಸಾಲು ಬದಲಾಗ್ಲಿಲ್ಲ."

ಪ್ಯೊ ಅಜ್ಜನ ಮುಖ ಬಿಳಿಚಿಕೊಂಡಿತು. "ನನಗೆ ಬರೀ ಮೂಲವ್ಯಾಧಿ ಅಂದ್ರಲ್ಲ. ಈ ಕ್ಯಾನ್ಸರ್ ಗಂಡು ಹೆಣ್ಣು ಕೂಡಿದಾಗ ಅಂಟೋ ವೈರಸ್ಸಿಂದ ಬರೋದಂತೆ. ಹೆಂಡ್ತಿ ಹೋಗಿ ಇಪ್ಪತ್ತು ವರ್ಷ ಆಯ್ತು, ಜನ ಏನಂದಾರು?"

ಸನ್ ಕುರ್ಚಿ ಹತ್ತಿರ ಎಳೆದುಕೊಂಡರು. "ಆ ವೈರಸ್ಸು ಹೆಚ್ಚುಕಮ್ಮಿ ಎಲ್ಲರ ಮೈಗೂ ಒಮ್ಮೆ ಬಂದು ಹೋಗುತ್ತೆ ತಾತ. ಕೆಲವರಲ್ಲಿ ಮಾತ್ರ ಹತ್ತಾರು ವರ್ಷ ಅಡಗಿ ಕೂರುತ್ತೆ. ಜೀವಕೋಶಕ್ಕೆ ಇಬ್ಬರು ಕಾವಲುಗಾರರು. ಒಬ್ಬ ಸುಮ್ಸುಮ್ನೆ ಬೆಳೀದಂತೆ ತಡೀತಾನೆ, ಇನ್ನೊಬ್ಬ ಕೆಟ್ಟ ಕೋಶವನ್ನ ಸಾಯಿಸ್ತಾನೆ. ವೈರಸ್ಸಿನ ಒಂದು ಪ್ರೋಟೀನು ಮೊದಲನೆಯವನ ಕೈ ಕಟ್ಟುತ್ತೆ, ಇನ್ನೊಂದು ಎರಡನೆಯವನನ್ನೇ ಮುಗಿಸುತ್ತೆ. ಕಳ್ಳ ಅದು, ನೀವಲ್ಲ. ಬೇಗ ಸಿಕ್ಕಿಬಿದ್ದಿದ್ದಾನೆ, ವಿಕಿರಣ, ಔಷಧಿ ಕೊಟ್ರೆ ಗುಣವಾಗೋರೇ ಹೆಚ್ಚು."

ಬೊಂಗ್‌ಜುಗೆ ತನ್ನ ಮೇಡಂ ಬಗ್ಗೆ ಅಂದಿನಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ. ಪತ್ತೆ ಹಚ್ಚಿದ್ದಕ್ಕಿಂತ, ಅಜ್ಜನ ತಲೆ ತಗ್ಗದಂತೆ ಹೇಳಿದ್ದಕ್ಕೆ.

"ದೊಡ್ಡಾಸ್ಪತ್ರೆಯಲ್ಲಿ ದಿನ ಸಿಗೋಕೆ ತಿಂಗಳಾಗುತ್ತೆ," ಎಂದು ಮಾ ಗೊಣಗಿದರು.

ಮಿರಾನ್ ಚೀಲದಿಂದ ಮಡಿಸಿಟ್ಟ ಚೀಟಿ ತೆಗೆದು ಮುದುಕನ ಕೈಗಿಟ್ಟಳು.

"ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಸರದಿ ಇದೆ ಅಜ್ಜ. ಅವರಿಗೆ ಹೇಳಿ ಹೆಸರು ಬದಲಾಯಿಸೋಣ. ಇದಕ್ಕೂ ನೀವೇ ಮೊದಲು ಹೋಗಿ."