ಫಾರ್ಮಿನ ಏಳನೇ ಪ್ರಶ್ನೆ

“ಏಳನೇದು ಏನ್ ಕೇಳ್ಯಾರ?” ಎಂದಳು ಮಹಾಮಾಯಾ.

ವಿಶಾಖಾ ಫಾರ್ಮನ್ನು ಕಣ್ಣಿನ ಹತ್ತಿರ ಹಿಡಿದು ಓದಿದಳು. ಕಳೆದ ಎರಡು ದಿನಗಳಲ್ಲಿ ನಿಮಗೆ ಜ್ವರ, ವಾಂತಿ ಅಥವಾ ಭೇದಿ ಆಗಿದೆಯೇ? ಹೌದು ಅಥವಾ ಇಲ್ಲ ಎಂದು ಬರೆಯಿರಿ.

ತಾಯಿ ಮಗಳು ಬೀದರಿನಲ್ಲಿ ತಾಯಿ ಕೆಲಸ ಮಾಡುವ ಖಾನಾವಳಿಯ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಮಹಾಮಾಯಾಗೆ ಓದು ಬರುತ್ತಿತ್ತು. ಆದರೆ ಅಕ್ಷರ ಅಕ್ಷರ ಕೂಡಿಸಿ ಬಸ್ಸಿನ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸೇ ಹೋಗಿಬಿಡುತ್ತಿತ್ತು. ಹೀಗಾಗಿ ಮೈಲೂರಿನ ಅವರ ಮನೆಗೆ ಬರುವ ಕಾಗದವನ್ನೆಲ್ಲ ಓದುವ ಕೆಲಸ ಐದನೇ ತರಗತಿಯ ವಿಶಾಖಾಳ ಪಾಲಿಗಿತ್ತು.

“ನಿನ್ನಿ ಸಂಜಿಗಿ ಒಮ್ಮಿ, ಇವತ್ತ ಮುಂಜಾನಿ ಒಮ್ಮಿ ಹೊಟ್ಟಿ ಕೆಟ್ಟದ. ಹೌದು ಅಂತ ಬರಿ. ನೋಡಿ ಅವರೇ ಏನಂತ ಹೇಳ್ತಾರ,” ಎಂದಳು ಮಹಾಮಾಯಾ. ಅಷ್ಟರಲ್ಲಿ ಒಳಗಿನಿಂದ ಮಾಲೀಕರು ಕರೆದರು. ಅವಳು ಎದ್ದು ಹೋದಳು.

ವಿಶಾಖಾ ಪೆನ್ನಿನ ಮುಚ್ಚಳ ತೆಗೆದಳು, ಆದರೆ ಬರೆಯಲಿಲ್ಲ.

ಮಾಲೀಕ ಶಿವರಾಜಪ್ಪನವರು ಹೋದ ವಾರವೇ ಹೇಳಿದ್ದರು. ಶುಚಿಯಾಗಿ ಅಡುಗೆ ಮಾಡುವ ಟ್ರೇನಿಂಗ್ ತಗೊಂಡು ಸರ್ಟಿಫಿಕೇಟ್ ತಂದವರಷ್ಟೇ ಇನ್ನು ಮುಂದೆ ಒಲೆಯ ಮುಂದೆ, ಉಳಿದವರು ತಾಟು ತೊಳೆಯಬೇಕು. ಮಹಾಮಾಯಾ ಅಲ್ಲಿ ಏಳು ವರ್ಷದಿಂದ ರೊಟ್ಟಿ ತಟ್ಟುತ್ತಿದ್ದಳು. ಜನವಾಡದಿಂದ ಬೈಕಿನ ಮೇಲೆ ಬರುವವರು ಇವತ್ತು ರೊಟ್ಟಿಗೆ ಯಾರಿದ್ದಾರೆ ಎಂದು ಕೇಳಿಯೇ ಒಳಗೆ ಕಾಲಿಡುತ್ತಿದ್ದರು.

ಎಂಟು ದಿನದಿಂದ ವಿಶಾಖಾಳೇ ತಾಯಿಗೆ ಟೀಚರ್. ಟ್ರೇನಿಂಗಿನವರು ಕೊಟ್ಟ ಪುಸ್ತಕ ಓದಿ ಹೇಳಿ, ಪ್ರಶ್ನೆ ಕೇಳುತ್ತಿದ್ದಳು. ಬ್ಯಾಳಿಗೆ ಉಪ್ಪು ಸರಿ ಇದೆಯೇ ಎಂದು ಹೇಗೆ ನೋಡುತ್ತೀರಿ? ಬೇರೆ ಚಮಚ, ಬೇರೆ ಬಟ್ಟಲು ಎಂದು ತಾಯಿಯ ಬಾಯಿ ಹೇಳುತ್ತಿತ್ತು. ಬಲಗೈ ಮಾತ್ರ ತಾನಾಗಿಯೇ ಅಂಗೈ ಚಾಚಿ ನೆಕ್ಕಲು ಸಿದ್ಧವಾಗುತ್ತಿತ್ತು. ಇಬ್ಬರೂ ನಗುತ್ತಿದ್ದರು.

ಈಗ ಹೌದು ಎಂದು ಬರೆದರೆ ಟ್ರೇನಿಂಗಿನ ಮೇಡಂ ಅವ್ವನನ್ನು ಮನೆಗೆ ಕಳಿಸುತ್ತಾರೆ. ಆಗಿದ್ದು ಎರಡೇ ಸಲ. ಮೆಡಿಕಲ್ಲಿನಿಂದ ತಂದ ಪುಡಿ ನೀರಿಗೆ ಹಾಕಿ ಕುಡಿದೂ ಆಗಿದೆ.

ವಿಶಾಖಾ ‘ಇಲ್ಲ’ ಎಂದು ಬರೆದಳು. ಫಾರ್ಮನ್ನು ಮೇಜಿನ ಮೇಲಿದ್ದ ಉಳಿದ ಫಾರ್ಮುಗಳ ಕಟ್ಟಿನ ನಡುವೆ ಸೇರಿಸಿ ಬಂದಳು.

ಖಾನಾವಳಿಯಲ್ಲೇ ನಡೆದ ಟ್ರೇನಿಂಗಿಗೆ ಇಪ್ಪತ್ತೆರಡು ಜನ ಬಂದಿದ್ದರು. ಭಾನುವಾರವಾದ್ದರಿಂದ ಮಕ್ಕಳೂ ಇದ್ದರು. ಮೆಸ್ ನಡೆಸುವ ಫರ್ಹೀನ ತನ್ನ ಎರಡು ವರ್ಷದ ಮಗನನ್ನು ಕರೆತಂದಿದ್ದಳು. ಕಲಿಸಲು ಬಂದ ಹೆಲೆನ ಮೇಡಂ ತೆಳ್ಳಗಿದ್ದರು, ದನಿ ಏರಿಸದೆ ಮಾತಾಡುತ್ತಿದ್ದರು. ಎಣ್ಣೆ ಕೆಟ್ಟಿದ್ದು ಹೇಗೆ ಗೊತ್ತಾಗುತ್ತದೆ ಎಂದು ಅವರು ಕೇಳಿದಾಗ, ಔರಾದಿನಲ್ಲಿ ಮಿರ್ಚಿ ಭಜಿ ಮಾರುವ ಗೋರಖನಾಥ ಮುಂದಿನ ಕುರ್ಚಿಯಿಂದ ಎದ್ದು ನಿಂತ.

“ನಮ್ಮ ಔರಾದದಾಗ ಗಿರಾಕಿಗೋಳೇ ಹೇಳ್ತಾರ್ರಿ ಮೇಡಂ.”

“ಹೇಳಿ ಹೋದವ್ರು ಮತ್ತ ಬರ್ತಾರೇನ್ರಿ?”

ಎಲ್ಲರೂ ನಕ್ಕರು. ಗೋರಖನಾಥನೂ ನಕ್ಕು ಕುಳಿತ.

ಉಪ್ಪಿನ ಪ್ರಶ್ನೆ ಮಹಾಮಾಯಾಗೇ ಬಂತು. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸರಿಯಾಗಿ ಉತ್ತರ ಹೇಳಿದಳು. ಹಿಂದಿನ ಸಾಲಿನಲ್ಲಿದ್ದ ವಿಶಾಖಾಗೆ ತನಗೇ ಮಾರ್ಕ್ಸ್ ಬಂದಂತಾಯಿತು.

ಆಮೇಲೆ ಮೇಡಂ ಒಂದು ಹಾಸ್ಟೆಲಿನ ವಿಷಯ ಹೇಳಿದರು. ಆಗ ಅವರು ಅಲ್ಲಿ ನರ್ಸ್ ಆಗಿದ್ದರಂತೆ. ಅಡುಗೆಯ ಹೆಂಗಸಿಗೆ ಭೇದಿ ಹತ್ತಿತ್ತು. ರಜೆ ಕೇಳಿದರೆ ಬೈದಾರು ಎಂದು ಯಾರಿಗೂ ಹೇಳದೆ ಚಪಾತಿ ಮಾಡಿದಳು. ಮೂರನೇ ದಿನಕ್ಕೆ ನಲವತ್ತು ಹುಡುಗಿಯರು ವರಾಂಡದಲ್ಲಿ ಮಲಗಿದ್ದರು. ಸಲೈನ್ ಬಾಟಲಿಗಳನ್ನು ಕಿಟಕಿಯ ಸರಳಿಗೆ ಕಟ್ಟಬೇಕಾಯಿತು.

“ಆಕಿ ಕೆಟ್ಟ ಹೆಣ್ಮಗಳಲ್ಲ. ಹೇಳಲಿಲ್ಲ, ಅಷ್ಟೇ,” ಎಂದರು ಮೇಡಂ.

ವಿಶಾಖಾ ತನ್ನ ಚಪ್ಪಲಿಯ ತುದಿಯನ್ನೇ ನೋಡುತ್ತಿದ್ದಳು.

ಮಧ್ಯಾಹ್ನದ ಊಟವನ್ನು ಕಲಿಯಲು ಬಂದವರೇ ಮಾಡಬೇಕಿತ್ತು. ಅದೇ ಪ್ರಾಕ್ಟಿಕಲ್ ಪರೀಕ್ಷೆ. ಮೇಡಂ ಹೆಸರು ಓದಿ ಕೆಲಸ ಹಂಚಿದರು. ರೊಟ್ಟಿ ಮಹಾಮಾಯಾಗೆ ಬಂತು. ಅವಳು ಹಿಂದೆ ಮುಂದೆ ನೋಡಿ ಮೇಡಂ ಹತ್ತಿರ ಹೋದಳು.

“ನಾ ಮಾಡಬಹುದೇನ್ರಿ ಮೇಡಂ?”

“ನಿಮ್ಮ ಫಾರ್ಮ್ ನೋಡೀನ್ರಿ. ಏನೂ ತೊಂದ್ರಿ ಇಲ್ಲ, ಮಾಡ್ರಿ.”

ಮಹಾಮಾಯಾಳ ಮುಖ ಸಡಿಲವಾಯಿತು. ಬಳೆ ತೆಗೆದಿಟ್ಟಳು. ಮೊಣಕೈಯವರೆಗೂ ಸೋಪು ಹಚ್ಚಿ, ಮಗಳು ಕಲಿಸಿದಂತೆ ಇಪ್ಪತ್ತರವರೆಗೆ ಎಣಿಸಿ ತೊಳೆದಳು. ಟೋಪಿ ಹಾಕಿಕೊಂಡು ಹಿಟ್ಟಿಗೆ ಕೈ ಹಾಕಿದಳು.

ಅಡುಗೆಮನೆಯ ಬಾಗಿಲಲ್ಲಿ ಹಳದಿ ಗೆರೆ ಎಳೆದಿದ್ದರು. ಮಕ್ಕಳು ಅದನ್ನು ದಾಟುವಂತಿರಲಿಲ್ಲ. ವಿಶಾಖಾ ಗೆರೆಯ ಈಚೆ ನಿಂತು ನೋಡಿದಳು. ರೊಟ್ಟಿ ತಾಯಿಯ ಅಂಗೈ ಕೆಳಗೆ ತಿರುಗುತ್ತ ಅಗಲವಾಯಿತು. ಹಂಚಿನ ಮೇಲೆ ಬಿದ್ದಿತು. ಒದ್ದೆ ಬಟ್ಟೆ ಅದರ ಮೇಲೆ ಆಡಿತು. ಒಂದಾಯಿತು, ಎರಡಾಯಿತು. ಮೂರನೆಯದನ್ನು ಮಹಾಮಾಯಾ ಬೆರಳಿನಿಂದಲೇ ತೆಗೆದು ಬುಟ್ಟಿಗೆ ಇಟ್ಟಳು.

ಫರ್ಹೀನಳ ಮಗ ವಿಶಾಖಾಳ ಪಕ್ಕದಲ್ಲೇ ನಿಂತಿದ್ದ. ವಾಸನೆ ಬಂದು ಬುಟ್ಟಿಯ ಕಡೆಗೆ ಕೈ ಚಾಚಿ ಅಳಲು ಶುರು ಮಾಡಿದ. ಒಂದು ತುಂಡು ಕೊಟ್ಟುಬಿಡಿ ಎಂದು ಯಾರೋ ಅಂದರು.

ವಿಶಾಖಾ ಗೆರೆ ದಾಟಿದಳು.

“ಅವ್ವಾ, ನಾ ಇಲ್ಲ ಅಂತ ಬರ್ದೀನಿ.”

ಮಹಾಮಾಯಾಳ ಕೈ ಹಿಟ್ಟಿನ ಮೇಲೆ ನಿಂತಿತು. “ಏಳನೇದಕ್ಕ?”

“ಹೂಂ.”

ಮಹಾಮಾಯಾ ಮಗಳನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು. ಬೈಯಲಿಲ್ಲ. ಗ್ಯಾಸ್ ಆರಿಸಿದಳು. ಮೂರು ರೊಟ್ಟಿಯನ್ನೂ, ನಾದಿದ ಹಿಟ್ಟನ್ನೂ ತಾನೇ ಎತ್ತಿ ಕಸದ ಡಬ್ಬಿಗೆ ಹಾಕಿದಳು.

ಟೋಪಿ ಕೈಯಲ್ಲಿ ಹಿಡಿದು ಮೇಡಂ ಮುಂದೆ ನಿಂತು ಇದ್ದದ್ದನ್ನು ಹೇಳಿದಳು. ಯಾರು ಬರೆದರು ಎಂಬುದನ್ನು ಹೇಳಲಿಲ್ಲ. ಮೇಡಂ ವಿಶಾಖಾಳ ಕಡೆ ಒಮ್ಮೆ ನೋಡಿದರು, ಅವರೂ ಕೇಳಲಿಲ್ಲ. ಶಿವರಾಜಪ್ಪನವರು ನಡುವೆ ಬಂದರು.

“ಎರಡೇ ಸಲ ಅಲ್ಲೇನ್ರಿ ಮೇಡಂ? ಬೆಂಕಿ ಮ್ಯಾಲಿನ ರೊಟ್ಟಿಗಿ ಏನಾಗ್ತದ್ರಿ, ಮಾಡ್ಲಿ ಬಿಡ್ರಿ.”

“ಬ್ಯಾಡ್ರಿ ಮಾಲಕ್,” ಎಂದಳು ಮಹಾಮಾಯಾ. “ಮುಂಜಾನಿಂದ ಈಕಿಗೇ ನಾ ನನ್ನ ಕೈಲೆ ಏನೂ ಮಾಡಿ ಕೊಟ್ಟಿಲ್ರಿ.”

ವಿಶಾಖಾ ತಲೆ ಎತ್ತಿದಳು. ಬೆಳಿಗ್ಗೆ ಬೇಕರಿಯ ಬನ್ನು, ಎರಡು ಬಾಳೆಹಣ್ಣು. ಟ್ರೇನಿಂಗಿನ ಖುಷಿಗೆ ಅವ್ವ ಕೊಡಿಸಿದ್ದಾಳೆ ಎಂದುಕೊಂಡು ಅವಳು ತಿಂದಿದ್ದಳು.

ಮೇಡಂ ಫಾರ್ಮಿನ ಮೇಲೆ ಅಡ್ಡ ಗೆರೆ ಎಳೆದರು. ಎರಡು ದಿನ ಮನೆಯಲ್ಲಿರಬೇಕು, ಮುಂದಿನ ಬ್ಯಾಚು ಭಾಲ್ಕಿಯಲ್ಲಿ, ಬರುವ ತಿಂಗಳ ಮೊದಲ ಗುರುವಾರ ಎಂದರು. ಅಲ್ಲಿಯವರೆಗೆ ತಾಟು ತೊಳೆಯುವ ಕಡೆ ಇರಬೇಕಾಗುತ್ತದೆ ಎಂದು ಶಿವರಾಜಪ್ಪನವರು ಮುಖ ನೋಡದೆ ಹೇಳಿದರು. ಮಹಾಮಾಯಾ ಹೂಂ ಎಂದಳು.

ರೊಟ್ಟಿಯ ಕೆಲಸ ಗೋರಖನಾಥನ ಮೇಲೆ ಬಿತ್ತು. ಅವನು ತಟ್ಟಿದ ಮೊದಲ ರೊಟ್ಟಿ ಕೈಗೆ ಬಂದಾಗ ಎರಡಾಗಿತ್ತು. ಮಹಾಮಾಯಾ ಗೆರೆಯ ಈಚೆ, ಮಗಳ ಪಕ್ಕ ಬಂದು ನಿಂತಳು. ಸ್ವಲ್ಪ ಹೊತ್ತು ನೋಡಿದಳು. ತಡೆಯಲಾಗಲಿಲ್ಲ.

“ನಡು ಬಡೀಬ್ಯಾಡ್ರಿ ಅಣ್ಣಾ, ಅಂಚು ತಟ್ರಿ. ಹಿಟ್ಟಿಗಿ ಬಿಸಿನೀರು ಕಮ್ಮಿ ಆಗ್ಯಾದ ನೋಡ್ರಿ.”

“ನೀ ಹೇಳ್ಕೋತ ನಿಂದ್ರವಾ ತಂಗಿ, ನಾ ಹರಕೋತ ಹೋಗ್ತೇನಿ,” ಎಂದ ಗೋರಖನಾಥ.

ಮಹಾಮಾಯಾ ನಕ್ಕಳು. ನಾಲ್ಕನೇ ರೊಟ್ಟಿ ಹರಿಯಲಿಲ್ಲ.

ಭಾಲ್ಕಿಗೆ ಹೋಗುವುದು ಗುರುವಾರ. ತಾನೂ ಜೊತೆಗೆ ಹೋಗಬೇಕು, ಅಂದರೆ ಶಾಲೆಗೆ ರಜೆ ಚೀಟಿ ಬರೆಯಬೇಕು ಎಂದು ವಿಶಾಖಾ ಲೆಕ್ಕ ಹಾಕಿದಳು. ‘ನನಗೆ ಜ್ವರ ಬಂದಿರುವುದರಿಂದ’ ಎಂಬ ಸಾಲು ಅವಳ ಕ್ಲಾಸಿನಲ್ಲಿ ಎಲ್ಲರಿಗೂ ಬಾಯಿಪಾಠ.

ಇದ್ದದ್ದನ್ನೇ ಬರೆದರೆ ಈ ಚೀಟಿ ಅದಕ್ಕಿಂತ ಉದ್ದವಾಗುತ್ತದೆ. ಎಲ್ಲಿಂದ ಶುರು ಮಾಡಲಿ ಎಂದು ಅವಳು ಅಲ್ಲೇ ನಿಂತು ಯೋಚಿಸತೊಡಗಿದಳು.