ಅಂಚು ಕೂಡದ ನಕ್ಷೆ

"ಸುತ್ತಿಗೆ ಇಳಿಸ್ರೀ... ನಾನು ಕರಡಿ ಅಲ್ಲ."

ಪೊದೆಯೊಳಗಿಂದ ದನಿ ಬಂದರೂ ಇಗಾರಾಶಿ ಸುಮಿರೆ ಎತ್ತಿದ ಸುತ್ತಿಗೆಯನ್ನು ಇಳಿಸಲಿಲ್ಲ. ಎದೆಯೆತ್ತರದ ಬಿದಿರುಹುಲ್ಲು ಅಲ್ಲಾಡಿತು. ಸೊಂಟದ ತನಕ ತೊಯ್ದು, ಕೆನ್ನೆಗೆ ಕೆಸರು ಮೆತ್ತಿಕೊಂಡಿದ್ದ ಯುವಕನೊಬ್ಬ ಎರಡೂ ಕೈ ಮೇಲೆತ್ತಿ ತೊರೆಯ ದಂಡೆಗೆ ಬಂದು ನಿಂತ. ಅವನ ಸೊಂಟದಲ್ಲೂ ಅಂಥದೇ ಸುತ್ತಿಗೆ ನೇತಾಡುತ್ತಿತ್ತು.

"ನೀವು... ನಮ್ಮ ಭೂವಿಜ್ಞಾನ ವಿಭಾಗದವರಾ?"

"ಮಿನೊ ಅಯುಮು. ಒಂದು ವರ್ಷ ಫೇಲಾಗಿ ನಿಮ್ಮ ಬ್ಯಾಚಿಗೆ ಬಂದವನು. ನಿಮ್ಮ ಹಿಂದಿನ ಬೆಂಚಲ್ಲೇ ಕೂರ್ತೀನಿ ಇಗಾರಾಶಿ ಅವರೇ, ನೀವು ಒಂದು ಸಲವಾದ್ರೂ ತಿರುಗಿ ನೋಡಿದ್ರೆ ತಾನೇ?"

ಸುಮಿರೆಯ ಕಿವಿ ಬಿಸಿಯಾಯಿತು. ತಿರುಗಿ ನೋಡುವುದಿರಲಿ, ತರಗತಿಯಲ್ಲಿ ಅವಳು ಬಾಯಿ ಬಿಟ್ಟದ್ದೇ ಅಪರೂಪ.

"ನಿಮ್ಮ ಗಂಟೆ ಎಲ್ಲಿ?" ಅಯುಮು ಕೇಳಿದ.

"ತಂದಿಲ್ಲ..."

"ಈ ಕಾಡಿಗೆ ಗಂಟೆ ಇಲ್ದೆ ಬಂದಿದ್ದೀರಾ? ಸದ್ದು ಕೇಳಿದ್ರೆ ಕರಡಿ ತಾನಾಗೇ ದಾರಿ ಬಿಡುತ್ತೆ. ಸದ್ದಿಲ್ದೆ ಎದುರಾದ್ರೆ ನಿಮಗಿಂತ ಮೊದಲು ಅದಕ್ಕೇ ಗಾಬರಿ."

ಹಾಗೆಂದವನೇ ತನ್ನ ಬೆನ್ನಚೀಲದ ಹಿತ್ತಾಳೆ ಗಂಟೆ ಬಿಚ್ಚಿ ಅವಳ ಚೀಲದ ಪಟ್ಟಿಗೆ, ಎಡ ಭುಜದ ಕೆಳಗೆ ಕಟ್ಟಿದ. ಅದರ ಜೊತೆಗೊಂದು ಪುಟ್ಟ ಬಟ್ಟೆಯ ಗವಸು ನೇತಾಡುತ್ತಿತ್ತು. "ಬಸ್ಸಲ್ಲಿ ಹೋಗುವಾಗ ಇದರೊಳಗೆ ಹಾಕಿ, ಗಂಟೆಯ ನಾಲಗೆ ಅಂಟ್ಕೊಂಡು ಸುಮ್ಮನಾಗುತ್ತೆ. ನನಗೆ ಸೀಟಿ ಇದೆ, ಸಾಕು."

ಥ್ಯಾಂಕ್ಸ್ ಹೇಳಲು ಅವಳು ಮಾತು ಹುಡುಕುವಷ್ಟರಲ್ಲಿ ಅವನು ಗುಡ್ಡ ಹತ್ತಿ ಆಚೆ ಇಳಿದಿದ್ದ.

ಆ ವಿಭಾಗದ ಮೂರನೇ ವರ್ಷದವರಿಗೆಲ್ಲ ಈ ವನವಾಸ ತಪ್ಪಿದ್ದಲ್ಲ. ಪ್ರೊಫೆಸರ್ ಒಬಾತಾ ನಕ್ಷೆಯ ಮೇಲೆ ಕೆಂಪು ಪೆನ್ಸಿಲಿನಿಂದ ಒಂದು ಚೌಕ ಎಳೆದು "ಇದು ನಿನ್ನದು, ಹೋಗು" ಎನ್ನುತ್ತಾರೆ. ಬೇರೆ ವಿಭಾಗದ ಹುಡುಗಿಯರು ಸಮುದ್ರತೀರದಲ್ಲಿ ಐಸ್‌ಕ್ರೀಮ್ ತಿನ್ನುವ ಬೇಸಿಗೆಯಲ್ಲಿ ಇವರು ಒಬ್ಬೊಬ್ಬರೇ ಜಿಗಣೆ ಕಚ್ಚಿಸಿಕೊಂಡು ತೊರೆ ತೊರೆ ಅಲೆಯಬೇಕು. ಕಲ್ಲಿನ ಪದರ ಕಂಡಲ್ಲೆಲ್ಲ ದಿಕ್ಸೂಚಿ ಇಟ್ಟು, ಅದು ಯಾವ ದಿಕ್ಕಿಗೆ ಹಾಯ್ದಿದೆ, ಎಷ್ಟು ಓರೆಯಾಗಿದೆ ಎಂದು ಅಳೆದು ನಕ್ಷೆ ಮಾಡಬೇಕು. ಕೊನೆಗೆ ಅಕ್ಕಪಕ್ಕದವರ ನಕ್ಷೆಗಳನ್ನು ಜೋಡಿಸಿ ನೋಡುತ್ತಾರೆ. ಕಲ್ಲಿಗೆ ಕೆಂಪು ಪೆನ್ಸಿಲಿನ ಗೆರೆ ಗೊತ್ತಿಲ್ಲವಲ್ಲ, ಅಂಚು ಕೂಡಲೇಬೇಕು.

ಅಯುಮು ಎದುರಾದ ದಿನ ಸುಮಿರೆ ತೊರೆಯ ಕೆಳಭಾಗ ಮುಗಿಸಿ ಆಗಷ್ಟೇ ಮೇಲ್ಭಾಗಕ್ಕೆ ಬಂದಿದ್ದಳು. ಅವಳಿಗಿದ್ದ ಬಿಡಾರ, ಮಕ್ಕಳಿಲ್ಲದೆ ಮುಚ್ಚಿದ್ದ ಹಳ್ಳಿಶಾಲೆಯ ಒಂದು ಕೋಣೆ. ಪಕ್ಕದ ಮನೆಯ ಕಿನು ಅಜ್ಜಿ ತಂದುಕೊಟ್ಟ ಉಪ್ಪಿನಕಾಯಿಯ ಜೊತೆ ಒಬ್ಬಳೇ ಅನ್ನ ತಿನ್ನುತ್ತಿದ್ದಳು. ಒಮ್ಮೊಮ್ಮೆ ಅಪ್ಪ ಫೋನ್ ಮಾಡುತ್ತಿದ್ದರು. ಹಿಂದಿನಿಂದ ಅಪ್ಪನ ಹೊಸ ಸಂಸಾರದ ಮಗು ಅಳುವ ಸದ್ದು...

"ಚೆನ್ನಾಗಿದ್ದೀಯಾ?"

"ಚೆನ್ನಾಗಿದ್ದೀನಿ."

ಅಷ್ಟಕ್ಕೇ ಮಾತು ಮುಗಿಯುತ್ತಿತ್ತು. 'ನಾನು ಇಲ್ಲಿ ಬಿದ್ದು ಕಾಲು ಮುರಿದುಕೊಂಡರೆ ಯಾರಿಗೆ ಗೊತ್ತಾಗುತ್ತದೆ?' ಎಂದು ಎಷ್ಟೋ ಸಲ ಅನ್ನಿಸಿತ್ತು.

ಗಂಟೆ ಬಂದ ಮಾರನೆಯ ದಿನ ಗುಡ್ಡದಾಚೆಯ ಅಯುಮುವಿನ ಚೌಕದಿಂದ ಒಂದು ಸೀಟಿ ಕೇಳಿಸಿತು. ಅವಳು ಸುಮ್ಮನೆ ಭುಜ ಕುಣಿಸಿದಳು. ಗಂಟೆ ಸದ್ದಾಯಿತು. ಮತ್ತೆ ಸೀಟಿ. ಆ ದಿನದಿಂದ ಬೆಳಗಾಗುವುದನ್ನೇ ಅವಳು ಕಾಯತೊಡಗಿದಳು.

ಆಗೊಮ್ಮೆ ಈಗೊಮ್ಮೆ ಇಬ್ಬರೂ ಗುಡ್ಡದ ನೆತ್ತಿಯಲ್ಲಿ ಊಟಕ್ಕೆ ಕೂರುತ್ತಿದ್ದರು.

"ನಿನ್ನೆ ಮಧ್ಯಾಹ್ನ ಗಂಟೆ ನಿಂತುಹೋಗಿತ್ತು," ಅಯುಮು ಕೈಯಲ್ಲಿದ್ದ ಅನ್ನದ ಉಂಡೆಯನ್ನೇ ನೋಡುತ್ತ ಹೇಳಿದ.

"ಊಟ ಮಾಡ್ತಿದ್ದೆ."

"ಅಷ್ಟು ಹೊತ್ತಾ?"

"ಆಮೇಲೆ... ಸ್ವಲ್ಪ ಅತ್ತೆ."

ಯಾಕೆ ಎಂದು ಅವನು ಕೇಳಲಿಲ್ಲ. ತನ್ನ ಉಂಡೆಯೊಳಗಿದ್ದ ಉಪ್ಪು ಹಾಕಿದ ಹುಳಿ ಹಣ್ಣನ್ನು ತೆಗೆದು ಅವಳ ಡಬ್ಬಿಗೆ ಹಾಕಿದ. ಅಮ್ಮ ಹೋದಮೇಲೆ ತನ್ನ ಪಾಲಿನದನ್ನು ಅವಳಿಗೆ ಕೊಟ್ಟವರು ಯಾರೂ ಇರಲಿಲ್ಲ. 'ನಕ್ಷೆ ಕೂಡಿದ ದಿನ ಇವನಿಗೆ ಎಲ್ಲ ಹೇಳಿಬಿಡುತ್ತೇನೆ' ಎಂದು ಸುಮಿರೆ ನಿರ್ಧರಿಸಿದಳು.

ನಕ್ಷೆ ಕೂಡಲಿಲ್ಲ.

ಎಲೆಗಳು ಕೆಂಪಾಗಿದ್ದ ಕಾಲ. ಇಡೀ ವಿಭಾಗದ ಎದುರು ಪ್ರೊಫೆಸರ್ ಒಬಾತಾ ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟರು. ಅಯುಮುವಿನ ಕಡೆಯಿಂದ ನೆತ್ತಿಗೆ ಬಂದ, ಜ್ವಾಲಾಮುಖಿಯ ಬೂದಿ ಗಟ್ಟಿಯಾದ ಬಿಳಿ ಕಲ್ಲಿನ ಪದರ ಸುಮಿರೆಯ ಹಾಳೆಯಲ್ಲಿ ಎಲ್ಲೋ ಕೆಳಗಿತ್ತು.

"ತೊರೆಯ ಕೆಳಭಾಗ ಸರಿಯಿದೆ. ಮೇಲ್ಭಾಗದ ಅಳತೆಯೆಲ್ಲ ಒಂದೇ ಕಡೆಗೆ ವಾಲಿದೆ. ಇಗಾರಾಶಿ, ಅಲ್ಲಿಗೆ ಹೋಗಿದ್ದೆಯಾ, ಇಲ್ಲ ಕೋಣೆಯಲ್ಲಿ ಕೂತು ಬರೆದೆಯಾ?"

ಆ ವಿಭಾಗದಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಸುಮಿರೆ ನಡೆದದ್ದಕ್ಕೆ ಈ ಲೋಕದಲ್ಲಿ ಇದ್ದದ್ದು ಒಂದೇ ಸಾಕ್ಷಿ. ಅವಳು ಮೊದಲ ಬಾರಿಗೆ ಹಿಂದಿನ ಬೆಂಚಿಗೆ ತಿರುಗಿ ನೋಡಿದಳು. 'ಹೇಳಿ... ದಿನವೂ ನನ್ನ ಗಂಟೆ ಕೇಳುತ್ತಿತ್ತು ಅಂತ ಹೇಳಿ.'

"ಮಿನೊ, ನೀನೇನಾದರೂ ಹೇಳೋದಿದೆಯಾ?"

ಅಯುಮು ನೆಲ ನೋಡಿದ. "ಇಲ್ಲ ಸರ್."

"ಹಿಮ ಬೀಳೋದ್ರೊಳಗೆ ಮತ್ತೆ ಅಳೆದು ತಾ, ಇಗಾರಾಶಿ. ಇಲ್ಲದಿದ್ದರೆ ನಾಲ್ಕನೇ ವರ್ಷಕ್ಕೆ ಬಿಡಲ್ಲ."

ಆಮೇಲೆ ಅವನ ಫೋನು ಎಷ್ಟು ಸಲ ಬಂದರೂ ಅವಳು ಎತ್ತಲಿಲ್ಲ. ಸುಳ್ಳಿ ಅನ್ನಿಸಿಕೊಂಡದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಆ ಎರಡು ಮಾತನ್ನು ನುಂಗಲು ಆಗಲಿಲ್ಲ.

ಮತ್ತೆ ಹೊರಡಲು ಸಾಮಾನು ಕಟ್ಟುತ್ತಿದ್ದ ಸಂಜೆ ಅವಳು ಬೆನ್ನಚೀಲವನ್ನು ಮೇಜಿನ ಮೇಲೆ ಎಸೆದಳು. ಅಲ್ಲಿದ್ದ ದಿಕ್ಸೂಚಿಯ ಸೂಜಿ ಸರ್ರನೆ ಓಲಿತು. ಚೀಲ ಎತ್ತಿದಳು, ಸೂಜಿ ಮರಳಿ ನಿಂತಿತು. ಗಂಟೆಯೊಂದನ್ನೇ ಹತ್ತಿರ ತಂದಳು, ಹಿತ್ತಾಳೆಗೂ ಒಳಗಿನ ಪುಟ್ಟ ಕಬ್ಬಿಣದ ನಾಲಗೆಗೂ ಸೂಜಿ ಅಷ್ಟಾಗಿ ಮಿಸುಕಲಿಲ್ಲ. ಆ ಪುಟ್ಟ ಗವಸು ತಂದಳು... ಅದರ ತಳದಲ್ಲಿ ಅಯಸ್ಕಾಂತವಿತ್ತು. ಗಂಟೆಯ ನಾಲಗೆಯನ್ನು ಹಿಡಿದಿಡಲು ಹೊಲಿದದ್ದು!

ದಿಕ್ಸೂಚಿಯ ಹತ್ತಿರ ಕಬ್ಬಿಣ, ಅಯಸ್ಕಾಂತ ತರಬಾರದು ಎಂಬುದು ಮೊದಲ ವರ್ಷದ ಮೊದಲ ಪಾಠ. ಸುತ್ತಿಗೆಯನ್ನು ಅವಳು ದೂರವಿಟ್ಟೇ ಅಳೆದಿದ್ದಳು. ಎದೆಯ ಮೇಲೆ ತೂಗುತ್ತಿದ್ದ ಇದರ ಮೇಲೆ ಅವಳಿಗೆ ಅನುಮಾನವೇ ಬಂದಿರಲಿಲ್ಲ. ಅವಳಿಗೆ ನಗು ಬಂತು, ನಗುತ್ತ ನಗುತ್ತ ಅಳು ಬಂತು. ಪ್ರೊಫೆಸರರ ಬಳಿ ಓಡಬಹುದಿತ್ತು. ಆದರೆ 'ಇದನ್ನು ಕೊಟ್ಟವರು ಯಾರು?' ಎಂದು ಅವರು ಕೇಳದಿರುತ್ತಾರೆಯೇ? ಅಷ್ಟು ಸಿಟ್ಟಿದ್ದರೂ ಆ ಹೆಸರು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ.

ಹಳ್ಳಿಯಲ್ಲಿ ಬಸ್ಸಿಳಿದಾಗ ಕಿನು ಅಜ್ಜಿ ಅಂಗಳದಲ್ಲಿ ಮೂಲಂಗಿ ಒಣಗಲು ಕಟ್ಟುತ್ತಿದ್ದಳು.

"ಬಂದ್ಯಾ ಮಗಾ? ನಿನ್ನ ಜೊತೆಗಾರ ಆಗಲೇ ಬಂದು ಗುಡ್ಡದ ಮೇಲೆ ಹೆಪ್ಪುಗಟ್ತಾ ಇದ್ದಾನೆ. ಓದ್ಕೊಂಡು ಬಾ ಅಂತ ಕಳಿಸಿದ್ರೆ ಇವಕ್ಕೆ ಕಲ್ಲು ನೋಡಿ ಸಾಕಾಗಲ್ಲ. ಹೋಗು, ಬಿಸಿ ಟೀ ಕೊಡ್ತೀನಿ, ಅವನ ಬಾಯಿಗೆ ಹುಯ್ಯಿ."

ನೆತ್ತಿಯಲ್ಲಿ ಅಯುಮು ಮಂಡಿಯೂರಿ ತನ್ನ ಕಡೆಯ ಪದರವನ್ನೇ ಅಳೆಯುತ್ತಿದ್ದ. ತುಟಿ ನೀಲಿಗಟ್ಟಿತ್ತು. ಅವಳನ್ನು ಕಂಡು ಎದ್ದು ನಿಂತ.

"ನಂದೇ ತಪ್ಪಾಗಿರ್ಲಿ ಅಂತ ಬೇಡ್ಕೊಂಡು ಅಳೆದೆ. ಪ್ರತಿ ಸಲವೂ ನಂದೇ ಸರಿ ಬರ್ತಿದೆ," ಎಂದ.

"ನನ್ನ ಗಂಟೆ ಕೇಳ್ತಿತ್ತಲ್ಲ... ಆ ದಿನ ಯಾಕೆ ಹೇಳಲಿಲ್ಲ?"

"ಹೆದರಿದೆ. ನೀವು ನಡೆದಿದ್ದು ನಿಜ ಅಂದ್ರೆ ತಪ್ಪು ನಂದಾಗುತ್ತೆ. ಇನ್ನೊಂದು ವರ್ಷ ಹೋದ್ರೆ ಮನೇಲಿ ಓದು ಬಿಡಿಸ್ತಾರೆ. ಇದಕ್ಕಿಂತ ಒಳ್ಳೆ ಕಾರಣ ನನ್ನ ಹತ್ರ ಇಲ್ಲ."

ಸುಮಿರೆ ಆ ಗವಸನ್ನು ಅವನ ದಿಕ್ಸೂಚಿಯ ಪಕ್ಕ ಹಿಡಿದಳು. ಸೂಜಿ ಓಲಿತು. ಅಯುಮು ಅದನ್ನೇ ದಿಟ್ಟಿಸಿ ನೋಡಿದ.

"ಇದು... ನಾನೇ ಕೊಟ್ಟಿದ್ದು."

"ಕೊಟ್ಟಿದ್ದು ನೀವು, ನೋಡ್ಕೊಳ್ದೇ ಇದ್ದಿದ್ದು ನಾನು. ಅದರ ಬಗ್ಗೆ ನಂಗೆ ಬೇಜಾರಿಲ್ಲ. ಅದು ಇರದಿದ್ರೆ ಈ ಬೇಸಿಗೆ ನಾನು ಇಲ್ಲಿ ಉಳೀತಾನೇ ಇರ್ಲಿಲ್ಲ." ಅವಳು ಗವಸನ್ನು ಸೂಜಿಯಿಂದ ದೂರ ಸರಿಸಿದಳು. "ನೋವಾಗಿದ್ದು ಆ 'ಇಲ್ಲ ಸರ್' ಅಂದಿದ್ದಕ್ಕೆ."

ಅಯುಮು ಫೋನ್ ತೆಗೆದ. ಬೆರಳು ಮರಗಟ್ಟಿದ್ದರಿಂದ ಒತ್ತಲು ಒದ್ದಾಡಿದ.

"ಸರ್, ಮಿನೊ. ಇಗಾರಾಶಿ ಅವರು ಸುಳ್ಳು ಬರೆದಿಲ್ಲ. ನಾನು ಕೊಟ್ಟ ಗಂಟೆಯ ಅಯಸ್ಕಾಂತ ಅವರ ಸೂಜಿ ತಪ್ಪಿಸಿದೆ. ಅವರು ಮೇಲ್ಭಾಗದಲ್ಲಿ ನಡೆದಿದ್ದನ್ನ ನಾನು ದಿನವೂ ಕೇಳಿದ್ದೀನಿ. ಆ ದಿನ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ."

ಫೋನಿನಲ್ಲಿ ಒಬಾತಾ ಗದರಿದ್ದು ಸುಮಿರೆಗೂ ಕೇಳಿಸಿತು.

"ಆಗಲೇ ಹೇಳೋಕೆ ಏನಾಗಿತ್ತು, ದಡ್ಡ. ನಾನೂ ದುಡುಕಿದೆ, ಅವಳಿಗೆ ಹೇಳು. ಅಳತೆ ಅವಳೇ ಮತ್ತೆ ಮಾಡಬೇಕು. ಜೊತೆಗೆ ನಡೆಯೋದಾದ್ರೆ ನಡಿ, ಕರಡಿಗಳು ಈಗ ಹಸಿದಿರ್ತವೆ."

ಸುಮಿರೆ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು. ಗಂಟೆ, ಗವಸು ಎರಡನ್ನೂ ಬಂಡೆಯ ಮೇಲಿಟ್ಟು ತನ್ನ ಕಡೆಯ ಬಿಳಿ ಪದರದ ಮುಂದೆ ಕೂತಳು.

"ನಾನು ಹತ್ರ ಬರಲಾ?" ಅವನು ಕೇಳಿದ.

"ಮೈಮೇಲಿರೋ ಕಬ್ಬಿಣವೆಲ್ಲ ತೆಗೆದಿಟ್ಟು ಬನ್ನಿ."

ಸುತ್ತಿಗೆ ಇಟ್ಟ, ಚಾಕು ಇಟ್ಟ, ಬೀಗದ ಕೈ ಇಟ್ಟ.

"ಬೆಲ್ಟು?"

"ಪ್ಯಾಂಟು ಜಾರುತ್ತೆ."

"ಕೈಯಲ್ಲಿ ಹಿಡ್ಕೊಳ್ಳಿ."

ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಅವನು ಪಕ್ಕದಲ್ಲಿ ಕೂತ. ಭುಜಕ್ಕೆ ಭುಜ ತಾಗಿತು. ಸೂಜಿ ನಡುಗಿ, ನಿಂತಿತು.

"ಸುಮಿರೆ... ನಂಗೆ ನೀನಂದ್ರೆ ತುಂಬಾ ಇಷ್ಟ."

"ಅಲ್ಲಾಡ್ಬೇಡ. ಓದ್ತಾ ಇದ್ದೀನಿ."

ಅವನು ಉಸಿರು ಬಿಗಿಹಿಡಿದ. ಅವಳು ಅಳತೆ ಓದಿ, ಬರೆದುಕೊಂಡು, ಅವನ ಹಾಳೆಯ ಪಕ್ಕದಲ್ಲಿಟ್ಟು ನೋಡಿದಳು. ಬಿಳಿ ಗೆರೆ ಅವನ ಕಡೆಯಿಂದ ನೇರವಾಗಿ ಇವಳ ಕಡೆಗೆ ಹಾಯ್ದಿತ್ತು.

"ನಂಗೂ," ಎಂದಳು.

"ಅಷ್ಟೇನಾ?"

"ಮೇಲಿನ ತೊರೆ ಇಡೀ ಬಾಕಿ ಇದೆ, ಅಯುಮು. ಗಂಟೆ ಬೇರೆ ಇಲ್ಲೇ ಬಿಟ್ಟು ಹೋಗ್ತೀವಿ. ಮಾತಾಡ್ತಾ ಮಾತಾಡ್ತಾನೇ ಹೋಗ್ಬೇಕು... ಎಲ್ಲ ಹೇಳ್ತೀನಿ, ಬಾ."