ಹನ್ನೆರಡನೇ ಕೊರೆತದ ನಲವತ್ತೆರಡು ಪೆಟ್ಟಿಗೆ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತು ನಲವತ್ತು. ಠಾಣೆಗೆ ಬಂದ ದೂರನ್ನು ಓದಿದ ಹೆಡ್ ಕಾನ್ಸ್‌ಟೇಬಲ್ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದ. ಕಳುವಾದ ವಸ್ತು: ಕಲ್ಲು. ಪ್ರಮಾಣ: ನಲವತ್ತೆರಡು ಪೆಟ್ಟಿಗೆ.

"ಮೇಡಂ, ಬಾಗಿಲಾಚೆ ನೋಡಿ, ಈ ಊರಲ್ಲಿ ಕಲ್ಲು ಬಿಟ್ರೆ ಬೇರೇನಿದೆ? ಅದನ್ನೂ ಕದಿಯೋರಿದ್ದಾರಾ?"

ದೂರು ತಂದವಳು ನಗಲಿಲ್ಲ. ಆಕೆ ಗಣಿಯ ಮಾಲೀಕರು ಕಳಿಸಿದ ಭೂವಿಜ್ಞಾನಿ, ಹಿಂದಿನ ದಿನ ಸಂಜೆ ಊರಿಗೆ ಬಂದವಳು. ಇನ್‌ಸ್ಪೆಕ್ಟರ್ ಅವಳನ್ನು ಒಳಗೆ ಕರೆದು ಕೂರಿಸಿದ.

"ಯಾವ ಕಲ್ಲು?"

"ಭೂಮಿ ಕೊರೆದು ತೆಗೆದದ್ದು. ಮಣಿಕಟ್ಟಿನಷ್ಟು ದಪ್ಪ, ಕೋಲಿನ ಹಾಗೆ ಉದ್ದ. ಪ್ರತಿ ತುಂಡನ್ನೂ ಉದ್ದುದ್ದ ಎರಡು ಸೀಳು ಮಾಡ್ತಾರೆ. ಒಂದು ಸೀಳು ಲ್ಯಾಬಿಗೆ ಹೋಗುತ್ತೆ. ಕೆಂಪು ಗೆರೆ ಇರೋ ಇನ್ನೊಂದು ಸೀಳು ಪೆಟ್ಟಿಗೇಲೇ ಉಳಿಯುತ್ತೆ. ಅದು ಸಾಕ್ಷಿ. ಅದನ್ನ ಯಾರೂ ಮುಟ್ಟೋ ಹಾಗಿಲ್ಲ."

"ಲ್ಯಾಬಿನವರು ಏನಂದ್ರು?"

"ಹನ್ನೆರಡನೇ ಕೊರೆತದಲ್ಲಿ ಒಳ್ಳೆ ತಾಮ್ರ ಇದೆ ಅಂದ್ರು. ಅದನ್ನ ನಂಬಿ ಗಣಿ ಮುಚ್ಚೋದನ್ನ ಮುಂದೆ ಹಾಕಿದ್ರು. ಆದರೆ ಲ್ಯಾಬಲ್ಲಿ ಉಳಿದಿದ್ದ ಪುಡಿ ನಾನು ನೋಡಿದೆ. ಕೊರೆದಾಗ ಬರೆದಿಟ್ಟ ದಾಖಲೆ ಪ್ರಕಾರ ಹನ್ನೆರಡನೇ ಕೊರೆತ ಪೂರ್ತಿ ಬಿಳಿ ಗ್ರಾನೈಟು. ಪುಡಿಯಲ್ಲಿ ಹಸಿರು ಕಲ್ಲಿನ ಚೂರಿದೆ. ಅದಿರು ಒಂಟಿಯಾಗಿ ಬರಲ್ಲ ಸರ್, ಜೊತೆಗಾರ ಕಲ್ಲನ್ನ ಕರ್ಕೊಂಡೇ ಬರುತ್ತೆ. ಆ ಹಸಿರು ಕಲ್ಲು ಇರೋದು ಹಳೇ ಸುರಂಗದ, ಅದಿರು ತೆಗೆದು ಬರಿದಾದ ಪಟ್ಟೇಲಿ ಮಾತ್ರ."

"ಯಾರೋ ಬೆರೆಸಿದ್ದಾರೆ ಅಂತೀರಿ."

"ಸಾಕ್ಷಿ ಸೀಳು ನೋಡಿದ್ರೆ ತಿಳಿಯುತ್ತೆ. ನೋಡೋಕೆ ಹೋದೆ. ಪೆಟ್ಟಿಗೆಗಳೇ ಇಲ್ಲ."

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಲು ಹೇಳಿದ. ಹದಿನಾಲ್ಕು ತಿಂಗಳ ಹಿಂದೆ ಗಣಿಯೊಳಗಿನ ಒಂಬತ್ತನೇ ಅಂತಸ್ತಿನಲ್ಲಿ ಚಾವಣಿ ಕುಸಿದು ಆರು ಜನ ಒಳಗೇ ಉಳಿದಿದ್ದರು. ದೇಹಗಳಿಲ್ಲದ ಆ ಪಂಚನಾಮೆಯನ್ನು ಬರೆದವನು ಇವನೇ. ಗಣಿ ನಡೆಯುವಷ್ಟು ದಿನ ನೀರೆತ್ತುವ ಪಂಪುಗಳು ಓಡುತ್ತವೆ, ಪಂಪು ಓಡುವಷ್ಟು ದಿನ ಅವರತ್ತ ಅಗೆಯುತ್ತೇವೆ ಎಂದು ಮಾಲೀಕರು ಮಾತು ಕೊಟ್ಟಿದ್ದರು. ಸಡಿಲ ಬಂಡೆಯಲ್ಲಿ ತಿಂಗಳಿಗೆ ಎರಡು ಮೀಟರ್ ದಾಟುವುದೇ ಹೆಚ್ಚು. ಇನ್ನೂ ಹನ್ನೊಂದು ಮೀಟರ್ ಬಾಕಿ ಇತ್ತು. ಹನ್ನೆರಡನೇ ಕೊರೆತದಲ್ಲಿ ತಾಮ್ರವಿಲ್ಲ ಎಂದು ಸಾಬೀತಾದರೆ ಪಂಪು ನಿಲ್ಲುತ್ತದೆ, ಒಂಬತ್ತನೇ ಅಂತಸ್ತು ನೀರಿನಲ್ಲಿ ಮುಳುಗುತ್ತದೆ. ಕಳ್ಳನನ್ನು ಹಿಡಿಯುವುದೆಂದರೆ ಆ ಆರು ಮನೆಗಳ ಕಡೆಯ ಆಸೆಯನ್ನು ತನ್ನ ಕೈಯಾರೆ ಹೊಸಕುವುದು. ಬೇಡವಾದ ಕೇಸು ಬಾಗಿಲು ಬಡಿದೇ ಬರುತ್ತದೆ.

ಹನ್ನೆರಡೂ ಕಾಲಿಗೆ ಗಣಿಯ ಶೆಡ್ಡಿನಲ್ಲಿ ಪಂಚನಾಮೆ ಶುರುವಾಯಿತು. ಬೀಗ ಮುರಿದಿರಲಿಲ್ಲ. ಶನಿವಾರ ಸಂಜೆ ಎಣಿಸಿದಾಗ ಪೆಟ್ಟಿಗೆಗಳೆಲ್ಲ ಇದ್ದವು; ಶೆಡ್ಡಿನಲ್ಲಿ ಯಾರೂ ಇರದಿದ್ದದ್ದು ರಜೆಯ ಭಾನುವಾರ ಮಾತ್ರ. ಕಬ್ಬಿಣದ ಕಪಾಟಿನಲ್ಲಿ ನಲವತ್ತೆರಡು ಖಾಲಿ ಜಾಗ. ಒಂದೊಂದು ಪೆಟ್ಟಿಗೆ ಇಪ್ಪತ್ತೈದು ಕಿಲೋ, ಟ್ರಾಲಿ ಇಲ್ಲದೆ ಸಾಗಿಸುವಂತಿರಲಿಲ್ಲ. ಮೂಲೆಯಲ್ಲಿ ಕಲ್ಲು ಸೀಳುವ ಗರಗಸದ ಮುಂದೆ ನಿಂತಿದ್ದವನನ್ನು ಊರೆಲ್ಲ ಪೆಟ್ಟಿಗೆ ಮೇಷ್ಟ್ರು ಎನ್ನುತ್ತಿತ್ತು. ಇಪ್ಪತ್ತೆಂಟು ವರ್ಷದಿಂದ ಕಲ್ಲು ಸೀಳಿ, ಚೀಲಕ್ಕೆ ತುಂಬಿ ಲ್ಯಾಬಿಗೆ ಕಳಿಸುವವನು ಅವನೇ. ಹೊಸದಾಗಿ ಬರುವ ಭೂವಿಜ್ಞಾನಿಗಳಿಗೆ ಪೆಟ್ಟಿಗೆ ಜೋಡಿಸುವುದನ್ನು ಕಲಿಸಿ ಆ ಹೆಸರು ಬಂದಿತ್ತು. ಒಳಗುಳಿದ ಆರು ಜನರಲ್ಲಿ ಒಬ್ಬ ಅವನ ತಮ್ಮ.

"ಬೀಗದ ಕೈ ಎಷ್ಟಿದೆ?"

"ಎರಡು ಸರ್. ನನ್ನ ಹತ್ರ ಒಂದು. ಕಾವಲುಗಾರನ ಕೋಣೇಲಿ ಮೊಳೆಗೆ ಒಂದು."

"ಮೊಳೆಯಿಂದ ಯಾರು ಬೇಕಾದರೂ ತಗೋಬಹುದು?"

"ತಗೋಬಹುದು."

"ಭಾನುವಾರ ಎಲ್ಲಿದ್ರಿ?"

"ರಜೆ. ಮನೇಲಿ, ಅಮ್ಮನ ಹತ್ರ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ಅವನಲ್ಲ. ಕಣ್ಣಲ್ಲಿ ಕಣ್ಣಿಟ್ಟು ಉತ್ತರ ಕೊಟ್ಟ. ಕಾವಲುಗಾರನದ್ದು ಬೇರೆ ಪಾಡು. ಭಾನುವಾರ ಯಾರು ಬಂದಿದ್ದರು ಎಂದರೆ ಹಲ್ಲುನೋವು ಎಂದ, ಟ್ರಾಲಿ ಯಾರು ತಳ್ಳಿದರು ಎಂದರೆ ಕಿವಿ ಮಂದ ಎಂದ. ಅವನ ಭಾವನೂ ಆ ಆರರಲ್ಲಿ ಒಬ್ಬ. ಇವನ ಬಾಯಲ್ಲಿ ಮಾತು ಹುಟ್ಟುವುದಿಲ್ಲ ಎಂದು ಇನ್‌ಸ್ಪೆಕ್ಟರ್ ಒತ್ತಾಯ ಮಾಡಲಿಲ್ಲ.

ಮಾತು ಹುಟ್ಟಿದ್ದು ಮಣ್ಣಿನಲ್ಲಿ. ಶೆಡ್ಡಿನ ಹಿಂದೆ ಕೆಂಪು ಧೂಳಿನ ಹಾದಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಮಹಿಳಾ ಕಾನ್ಸ್‌ಟೇಬಲ್ ಕೈಬೀಸಿ ಕರೆದಳು.

"ಸರ್, ಟ್ರಾಲಿ ಗುರುತು. ಈ ಒಂದು ಜೋಡಿ ಮಾತ್ರ ಹಳೇ ಬಾವಿಗೆ ಹೋಗಿದೆ."

ಬಾವಿ ಎಂದರೆ ಗಣಿಯೊಳಗೆ ಇಳಿಯುವ, ಈಗ ಯಾರೂ ಬಳಸದ ಆಳದ ಕೂಪ. ಅಲ್ಲಿಗೆ ಹಾಕಿದ ಕಲ್ಲು ಮತ್ತೆ ಸಿಗುವುದಿಲ್ಲ.

"ಹಾಗಾದ್ರೆ ಮುಗೀತು," ಎಂದ ಹೆಡ್ ಕಾನ್ಸ್‌ಟೇಬಲ್. ಅವನ ದನಿಯಲ್ಲಿ ಸಮಾಧಾನವಿತ್ತು. ಯಾರೂ ಅದಕ್ಕೆ ಅವನನ್ನು ಬೈಯಲಿಲ್ಲ.

"ಮುಗೀಲಿಲ್ಲ," ಎಂದಳು ಕಾನ್ಸ್‌ಟೇಬಲ್. "ಹೋಗೋವಾಗ ಚಕ್ರ ಎಷ್ಟು ಆಳ ಕೂತಿದೆಯೋ, ವಾಪಸ್ ಬರೋವಾಗಲೂ ಅಷ್ಟೇ ಕೂತಿದೆ. ಭಾರ ಇಳಿಸಿಲ್ಲ ಸರ್. ಅಂಚಿನವರೆಗೂ ಹೋಗಿ, ಹಂಗೇ ತಿರುಗಿಸಿಕೊಂಡು ಬಂದಿದ್ದಾರೆ. ಆಮೇಲಿನ ಗುರುತೆಲ್ಲಾ ಆ ಕಡೆ."

ಆ ಕಡೆ ಇದ್ದದ್ದು ಬಳಕೆ ತಪ್ಪಿದ ದೀಪದ ಕೋಣೆ; ಕಾರ್ಮಿಕರು ಹಿಂದೆ ತಲೆದೀಪ ಪಡೆಯುತ್ತಿದ್ದ ಜಾಗ. ಮಧ್ಯಾಹ್ನ ಎರಡು ಹತ್ತಕ್ಕೆ ಬಾಗಿಲು ತೆಗೆಸಿದರು. ಪೆಟ್ಟಿಗೆಗಳು ಅಲ್ಲಿದ್ದವು. ಒಂದರಿಂದ ನಲವತ್ತೆರಡರವರೆಗೆ ಕ್ರಮವಾಗಿ, ತೇವ ತಗಲದಂತೆ ಅಡಿಗೆ ಮರದ ಪಟ್ಟಿ ಕೊಟ್ಟು, ಮೇಲೆ ಟಾರ್ಪಾಲು ಹೊದಿಸಿ ಇಟ್ಟಿದ್ದರು. ಪ್ರತಿ ಸೀಳಿನ ಕೆಂಪು ಗೆರೆಯೂ ಮೇಲ್ಮುಖವಾಗಿತ್ತು.

ಭೂವಿಜ್ಞಾನಿ ಮಂಡಿಯೂರಿ, ಮಸೂರ ಹಿಡಿದು, ಕಲ್ಲಿಗೆ ನೀರು ಸವರುತ್ತ ಮುಕ್ಕಾಲು ಗಂಟೆ ನೋಡಿದಳು. ಕಡೆಗೆ ನೆಲದ ಮೇಲೇ ಕೂತುಬಿಟ್ಟಳು.

"ಬರೀ ಗ್ರಾನೈಟು. ತಾಮ್ರ ಹೆಸರಿಗೂ ಇಲ್ಲ." ಮಸೂರ ಜೇಬಿಗಿಳಿಸಿ, "ಇದ್ದಿದ್ರೆ ಚೆನ್ನಾಗಿತ್ತು," ಎಂದಳು.

"ಕದ್ದ ಮಾಲನ್ನ ಯಾವ ಕಳ್ಳನೂ ಹೀಗೆ ಮಲಗಿಸಲ್ಲ," ಎಂದ ಇನ್‌ಸ್ಪೆಕ್ಟರ್. ಆಮೇಲೆ ಅವನಿಗೆ ಹುಡುಕಬೇಕಾದ್ದು ಏನೂ ಉಳಿದಿರಲಿಲ್ಲ. ಉಳಿದಿದ್ದರೆ ಒಂದು ವಾರ ಹುಡುಕುತ್ತಿದ್ದ, ಬೇಕಾದರೆ ತಿಂಗಳೂ ಹುಡುಕುತ್ತಿದ್ದ.

ಮೂರೂ ಇಪ್ಪತ್ತಕ್ಕೆ ಶೆಡ್ಡಿಗೆ ಮರಳಿದಾಗ ಮೇಷ್ಟ್ರು ಹದಿಮೂರನೇ ಕೊರೆತದ ಕಲ್ಲು ಸೀಳುತ್ತಿದ್ದ.

"ದೀಪದ ಕೋಣೇಲಿ ಸಿಕ್ತು," ಎಂದ ಇನ್‌ಸ್ಪೆಕ್ಟರ್.

ಮೇಷ್ಟ್ರು ಗರಗಸ ನಿಲ್ಲಿಸಿದ. "ಒದ್ದೆ ಆಗಿಲ್ಲ ತಾನೇ?"

"ಇಲ್ಲ. ಚೀಲಕ್ಕೆ ಏನು ಬೆರೆಸಿದ್ರಿ?"

"ಹಳೇ ಪಟ್ಟೆಯ ಅದಿರು. ನೋಡೋಕೆ ಬಂದವರಿಗೆ ತೋರ್ಸೋಕಂತ ಆ ಗಾಜಿನ ಪೆಟ್ಟಿಗೇಲಿ ಇಟ್ಟಿದ್ವಿ. ಕುಟ್ಟಿ ಪುಡಿ ಮಾಡಿ ಹಾಕಿದೆ."

"ಒಂದಲ್ಲ ಒಂದು ದಿನ ಗೊತ್ತಾಗುತ್ತೆ ಅಂತ ನಿಮಗೆ ತಿಳೀಲಿಲ್ವಾ?"

"ತಿಳಿದಿತ್ತು. ಆರು ತಿಂಗಳು ಸಿಕ್ಕಿದ್ರೆ ಸಾಕಿತ್ತು ಸರ್. ಹನ್ನೊಂದು ಮೀಟರ್."

ಇನ್‌ಸ್ಪೆಕ್ಟರ್ ಕೇಳಬೇಕಾದ್ದನ್ನು ಕೇಳಿದ. "ಬಾವಿವರೆಗೂ ತಗೊಂಡು ಹೋಗಿದ್ರಿ. ಎಸೆದಿದ್ರೆ ಸಾಕ್ಷಿನೇ ಇರ್ತಿರಲಿಲ್ಲ. ಯಾಕೆ ಎಸೀಲಿಲ್ಲ?"

ಮೇಷ್ಟ್ರು ಕೈಗೆ ಮೆತ್ತಿದ್ದ ಕೆಸರನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದ. "ಮೊದಲನೇ ಪೆಟ್ಟಿಗೆ ಎತ್ತಿದೆ. ಕೆಳಗೆ ಅವನಿದ್ದಾನೆ. ಆಗಲೇ ಅಷ್ಟು ಕಲ್ಲು ಬಿದ್ದಿದೆ ಅವನ ಮೇಲೆ. ನಾನೂ ಹಾಕ್ಲಾ?"

ಬೇಡಿ ಹಾಕಬೇಡ ಎಂದು ಇನ್‌ಸ್ಪೆಕ್ಟರ್ ಕಣ್ಣಲ್ಲೇ ಸನ್ನೆ ಮಾಡಿದ. ಹೆಡ್ ಕಾನ್ಸ್‌ಟೇಬಲ್ ಆಗಲೇ ಅದನ್ನು ಬೆನ್ನ ಹಿಂದೆ ಬಚ್ಚಿಟ್ಟಿದ್ದ.

ಸಂಜೆ ಐದಕ್ಕೆ ಹೇಳಿಕೆ ದಾಖಲಾಯಿತು. ಅಪ್ಪ ಇಲ್ಲದ ಮನೆ. ತಮ್ಮನನ್ನು ಸಾಕಿದ್ದು ತಾನು, ತಾಯಿ ಬೇಡವೆಂದರೂ ಕೇಳದೆ ಗಣಿಗೆ ಸೇರಿಸಿದ್ದೂ ತಾನು. ಚಾವಣಿ ಕುಸಿದ ದಿನದಿಂದ ಆಕೆ ಬೈದಿಲ್ಲ, ಅತ್ತಿಲ್ಲ. ದಿನಾ ಬೆಳಿಗ್ಗೆ ಎಷ್ಟು ಮೀಟರ್ ಆಯಿತು ಎಂದಷ್ಟೇ ಕೇಳುತ್ತಾಳೆ. ಕೇಳುವುದನ್ನು ನಿಲ್ಲಿಸಿದರೆ ಆಕೆ ಉಳಿಯುವುದಿಲ್ಲ ಎಂದು ತನಗೆ ಅನ್ನಿಸಿತು. ಬೇರೆ ಯಾರೂ ಸಹಾಯ ಮಾಡಿಲ್ಲ. ಕಾವಲುಗಾರನಿಗೆ ನಿಜವಾಗಿಯೂ ಕಿವಿ ಮಂದ.

ಆ ಕೊನೆಯ ವಾಕ್ಯವನ್ನೂ ಇನ್‌ಸ್ಪೆಕ್ಟರ್ ಹಾಗೇ ಬರೆದುಕೊಂಡ.

ಐದೂ ಮುಕ್ಕಾಲಿಗೆ ಗಣಿ ಕಚೇರಿಯಿಂದ ಫೋನು ಬಂತು. ಮಾಲೀಕರು ಭೂವಿಜ್ಞಾನಿಯ ವರದಿ ನೋಡಿದ್ದರು. ಶುಕ್ರವಾರದಿಂದ ಪಂಪು ನಿಲ್ಲುತ್ತದೆ. ಇನ್‌ಸ್ಪೆಕ್ಟರ್ ಫೋನಿಟ್ಟು ಬಂದು ವಿಷಯ ತಿಳಿಸಿದ. ತಿಳಿಸದೆ ಇರಲು ಅವನಿಗೆ ಯಾವ ದಾರಿಯೂ ಹೊಳೆಯಲಿಲ್ಲ.

ಮೇಷ್ಟ್ರು ಹೇಳಿಕೆಯ ಹಾಳೆಯನ್ನು ತನ್ನತ್ತ ಎಳೆದುಕೊಂಡ. ಆಮೇಲೆ, "ಇನ್ನೊಂದು ಸಾಲು ಸೇರಿಸ್ತೀರಾ?" ಎಂದ.

"ಹೇಳಿ."

"ಒಂಬತ್ತನೇ ಅಂತಸ್ತು. ಮುಖ್ಯ ಬಾವಿಯಿಂದ ಪೂರ್ವಕ್ಕೆ ನೂರ ಮೂವತ್ತೇಳು ಮೀಟರ್. ಎಡಗಡೆ ಗೋಡೆ ಪಕ್ಕ. ಆರೂ ಜನ ಒಂದೇ ಕಡೆ ಇದ್ರು, ಊಟದ ಹೊತ್ತು." ಉಸಿರೆಳೆದುಕೊಂಡ. "ಮುಂದೆ ಯಾವತ್ತಾದ್ರೂ ತಾಮ್ರದ ಬೆಲೆ ಏರಿದ್ರೆ, ಯಾರಾದ್ರೂ ನೀರು ತೆಗೆಸಿ ಇಳೀತಾರೆ. ನಾನಿರಲ್ಲ. ಕಾಗದ ಇರುತ್ತೆ."

ಹೇಳಿಕೆಯಲ್ಲಿ ಆ ಸಾಲಿಗೆ ಕಾನೂನಿನ ಪ್ರಕಾರ ಜಾಗವಿರಲಿಲ್ಲ. ಇನ್‌ಸ್ಪೆಕ್ಟರ್ ಬರೆದ. ಅಂಕಿಗಳನ್ನು ಜೋರಾಗಿ ಓದಿ ಹೇಳಿದ. ಸರಿಯಿದೆ ಎಂದು ಮೇಷ್ಟ್ರು ತಲೆಯಾಡಿಸಿ ಕೆಳಗೆ ಸಹಿ ಮಾಡಿದ.